ಮೊದಲ ಸಮುದ್ರ ಟ್ರಯಥ್ಲಾನ್: ತಮ್ಮನ ಜೊತೆಗೇ ಈಜಬೇಕಾ, ಬೇರೆ ಬೇರೆಯಾ?

ಶಿರಸಿ_ಅಕ್ಕ:
ನಮಸ್ಕಾರ. ನಾನೂ ತಮ್ಮನೂ ಜನವರಿಯಲ್ಲಿ ಮೊದಲ ಸಲ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೇವೆ. ಸಮುದ್ರದಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಇಬ್ಬರದ್ದೂ ಕೊಳದ ಈಜು ಮಾತ್ರ. 1000 ಮೀಟರಿಗೆ ನನಗೆ 27 ನಿಮಿಷ ಬೇಕು, ಅವನಿಗೆ 20. ಸೈಕಲ್‌ನಲ್ಲಿ ನಾನೇ ಮುಂದೆ. ಡಿಸೆಂಬರಿನ ನಾಲ್ಕು ಭಾನುವಾರ ಘಟ್ಟ ಇಳಿದು ಕಾರವಾರದ ಟಾಗೋರ್ ತೀರದಲ್ಲಿ ಅಭ್ಯಾಸ ಮಾಡುವ ಯೋಚನೆ. "ನೀರಲ್ಲಿ ಒಬ್ಬರನ್ನೊಬ್ಬರು ಬಿಡಬೇಡಿ" ಅಂತ ಅಮ್ಮನ ಷರತ್ತು. ಸ್ಪರ್ಧೆಯ ದಿನವೂ ಹಾಗೆ ಜೊತೆಗೇ ಈಜುವುದು ಸರಿಯಾ? ಅಭ್ಯಾಸಕ್ಕೆ ಯಾವ ಹೊತ್ತು, ಯಾವ ಜಾಗ ಒಳ್ಳೆಯದು?

ಕೋಡಿಬಾಗ_ಅಲೆ:
ಅಭ್ಯಾಸದಲ್ಲಿ ಜೊತೆಗೇ ಇರಿ, ಸ್ಪರ್ಧೆಯಲ್ಲಿ ಬೇಡ. ಕಾರಣ ಕೊನೆಗೆ ಹೇಳುತ್ತೇನೆ, ಮೊದಲು ಜಾಗದ ವಿಷಯ.

ತೀರದ ಉತ್ತರದ ತುದಿಯಲ್ಲಿ, ಕೋಡಿಬಾಗದ ಹತ್ತಿರ, ಕಾಳಿ ನದಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ನದಿಯ ನೀರೂ ಸಮುದ್ರದ ನೀರೂ ಸೇರಿ ಹೊರಗೆ ಎಳೆಯುತ್ತವೆ. ಎಷ್ಟೇ ಶಾಂತವಾಗಿ ಕಂಡರೂ ಅಳಿವೆಯ ಬಾಯಲ್ಲಿ ಇಳಿಯಬೇಡಿ. ದಕ್ಷಿಣಕ್ಕೆ ಬೈತಖೋಲ ಬಂದರು, ಅಲ್ಲಿ ದೋಣಿಗಳ ಓಡಾಟ. ಎರಡರಿಂದಲೂ ದೂರ, ನಡುವಿನ ಭಾಗದಲ್ಲಿ ದಡಕ್ಕೆ ಸಮಾನಾಂತರವಾಗಿ, ಎದೆಮಟ್ಟದ ನೀರಿನಲ್ಲಿ ಈಜಿ. ಸುಸ್ತಾದರೆ ಅಲ್ಲೇ ಎದ್ದು ನಿಲ್ಲಬಹುದು. ಇಳಿಯುವ ಮೊದಲು ದಡದಲ್ಲಿರುವ ಮೀನುಗಾರರನ್ನು ಕೇಳಿ. ರಂಪಣಿ ಬಲೆ ಬಿಟ್ಟಿದ್ದರೆ ಆ ಕಡೆ ಹೋಗಲೇಬಾರದು, ಕೈಕಾಲು ಸಿಕ್ಕಿಕೊಳ್ಳುತ್ತದೆ.

ಬೆಳಗಿನ ಹೊತ್ತೇ ಒಳ್ಳೆಯದು. ಆಗ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ, ನೀರು ನುಣುಪಾಗಿರುತ್ತದೆ. ಆದರೆ ಅದೇ ಗಾಳಿ ನಿಮ್ಮನ್ನು ಮೆಲ್ಲಗೆ ಹೊರಗೂ ತಳ್ಳುತ್ತದೆ, ಅದು ಗೊತ್ತಾಗುವುದಿಲ್ಲ. ಹತ್ತು ಕೈ ಬೀಸಿಗೊಮ್ಮೆ ದಡ ನೋಡಿ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಅಲೆ ಒಡೆಯಲು ಶುರುವಾಗುತ್ತದೆ. ಪಂಚಾಂಗವನ್ನೂ ನೋಡಿ: ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಸೆಳೆತ ಜಾಸ್ತಿ, ಅಷ್ಟಮಿ ಸುತ್ತಮುತ್ತ ಕಡಿಮೆ. ಮೊದಲ ಭಾನುವಾರಕ್ಕೆ ಅಷ್ಟಮಿಯ ಹತ್ತಿರದ್ದನ್ನೇ ಆರಿಸಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ಹಿಂದಿನ ವಾರದ ಲೆಕ್ಕ ಈ ವಾರಕ್ಕೆ ನಡೆಯುವುದಿಲ್ಲ.

ಈಗ ಜೊತೆಯ ವಿಷಯ. ಅಭ್ಯಾಸದಲ್ಲಿ ತಮ್ಮ ನಿಮ್ಮ ಸೊಂಟದ ನೇರಕ್ಕೆ, ಎರಡು ಮೀಟರ್ ಬದಿಗೆ, ನಿಮ್ಮ ವೇಗದಲ್ಲೇ ಬರಲಿ. ಅಲ್ಲಿಂದ ಉಸಿರೆಳೆಯುವಾಗಲೆಲ್ಲ ನೀವು ಕಾಣುತ್ತೀರಿ, ತಲೆ ಎತ್ತುವ ಅಗತ್ಯವಿಲ್ಲ. ಇಬ್ಬರ ಸೊಂಟಕ್ಕೂ ಕಿತ್ತಳೆ ಬಣ್ಣದ ಎಳೆಬುರುಡೆ ಇರಲಿ, ಅಂದರೆ ಗಾಳಿ ತುಂಬಿದ ತೇಲುಚೀಲ. ದಡದಲ್ಲಿ ಮೂರನೆಯವರೊಬ್ಬರು ನಿಂತಿರಲೇಬೇಕು. ನಿಮಗೆ ಗಾಬರಿಯಾದರೆ ತಮ್ಮ ಕೈ ಕೊಡಬಾರದು, ಬುರುಡೆ ತಳ್ಳಬೇಕು. ಮುಳುಗುವ ಭಯದಲ್ಲಿರುವವರು ಸಿಕ್ಕಿದವರ ಹೆಗಲು ಹತ್ತುತ್ತಾರೆ. ರಕ್ತಸಂಬಂಧಿಗಳಾದರೆ ಬಿಡಿಸಿಕೊಳ್ಳಲು ಮನಸ್ಸೂ ಬರುವುದಿಲ್ಲ. ಇಬ್ಬರೂ ಮುಳುಗುವುದು ಹೀಗೇ.

ಸ್ಪರ್ಧೆಯ ದಿನ ಕಾಯಲು ಕಯಾಕ್, ಜೀವರಕ್ಷಕರು ಇರುತ್ತಾರೆ. ಗುಂಪಿನ ನಡುವೆ ತಮ್ಮನ ಟೋಪಿ ಹುಡುಕುತ್ತ ಕೂತರೆ ನಿಮ್ಮ ಉಸಿರಿನ ಲಯ ಕೆಡುತ್ತದೆ, ದಾರಿಯೂ ತಪ್ಪುತ್ತದೆ. ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ.

ಗಾಲಿ_ಗುರುತು:
ಮೇಲಿನ ಮಾತಿಗೆ ಪೂರ್ತಿ ಒಪ್ಪಿಗೆ, ಒಂದು ಸೇರಿಸುತ್ತೇನೆ. ಎದೆಮಟ್ಟದ ನೀರು ಮೊದಲ ಎರಡು ಭಾನುವಾರಕ್ಕೆ ಸಾಕು. ಮೂರನೆಯದಕ್ಕೆ, ದಡದವರ ಕಣ್ಣಳತೆಯಲ್ಲೇ, ಕಾಲು ನಿಲುಕದ ಕಡೆ ಹೋಗಬೇಕು. ನೆಲ ಕಾಣದಾಗ ಆಗುವ ಹೆದರಿಕೆಯನ್ನು ಸ್ಪರ್ಧೆಯ ದಿನವೇ ಮೊದಲು ನೋಡುವಂತಾಗಬಾರದು.

ಸೈಕಲ್ಲಿಗೆ ಬರೋಣ. ರೇಸಿಂಗ್ ಸೈಕಲ್ಲೇ ಬೇಕೆಂದಿಲ್ಲ, ಹೈಬ್ರಿಡ್ ಸಾಕು. ಎರಡೂ ಬ್ರೇಕ್ ಹಿಡಿಯಬೇಕು, ಹ್ಯಾಂಡಲ್ ತುದಿಯ ಮುಚ್ಚಳ ಇರಬೇಕು. ಅದಿಲ್ಲದೆ ತಪಾಸಣೆಯಲ್ಲಿ ವಾಪಸ್ ಕಳಿಸುತ್ತಾರೆ. ನೀರಿಂದ ಬಂದು ಹೆಲ್ಮೆಟ್ ಹಾಕಿ, ಗಲ್ಲದ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ಹೊಸಬರು ಹೆಚ್ಚು ದಂಡ ತೆರುವುದು ಇಲ್ಲೇ. ಗುರುತಿನ ಗೆರೆ ದಾಟುವವರೆಗೆ ಹತ್ತಬಾರದು, ತಳ್ಳಿಕೊಂಡೇ ಓಡಬೇಕು. ಕಾಲಿಗೆ ಮರಳು ಮೆತ್ತಿರುತ್ತದೆ. ಒಂದು ಬಾಟಲಿ ನೀರು, ಹಳೆ ಟವೆಲ್, ಸಾಕ್ಸಿನೊಳಗೆ ಮೊದಲೇ ಉದುರಿಸಿದ ಪೌಡರ್, ಇಷ್ಟಿದ್ದರೆ ಓಟದಲ್ಲಿ ಬೊಕ್ಕೆ ಬರುವುದಿಲ್ಲ.

ಅಕ್ಕ-ತಮ್ಮಂದಿರು ಗೊತ್ತಿಲ್ಲದೆ ಮಾಡುವ ತಪ್ಪು: ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ತುಳಿಯುವುದು. ಗಾಳಿಯ ಮರೆ ಪಡೆಯುವುದಕ್ಕೆ ನಿಷೇಧವಿದ್ದರೆ ನಿಯಮದಲ್ಲಿ ಬರೆದಷ್ಟು ಅಂತರ, ಸಾಮಾನ್ಯವಾಗಿ 10 ಅಥವಾ 12 ಮೀಟರ್, ಬಿಡಲೇಬೇಕು. ಪಂಕ್ಚರ್ ಆದರೆ ಟ್ಯೂಬ್, ಪಂಪ್ ಕೊಡಬಹುದು. ನಿಮ್ಮ ಗಾಲಿಯನ್ನೇ ಬಿಚ್ಚಿಕೊಟ್ಟು ನೀವು ನಿಲ್ಲುವಂತಿಲ್ಲ. ಆದ್ದರಿಂದ ಇಬ್ಬರ ಬಳಿಯೂ ಬೇರೆ ಬೇರೆ ಟ್ಯೂಬ್, ಎರಡೆರಡು ಟೈರ್ ಲಿವರ್ ಇರಲಿ. ಮನೆಗೆ ಬಂದ ದಿನವೇ ಸೈಕಲ್ ಸಿಹಿನೀರಲ್ಲಿ ತೊಳೆದು ಚೈನಿಗೆ ಎಣ್ಣೆ ಬಿಡಿ. ಉಪ್ಪು ಒಂದು ರಾತ್ರಿಗೇ ತುಕ್ಕು ಹಿಡಿಸುತ್ತದೆ.

ಸೈಕಲ್ ಇಳಿದ ತಕ್ಷಣದ ಓಟಕ್ಕೆ ಕಾಲು ಮರದ ಕೊರಡಿನಂತಿರುತ್ತದೆ. ವಾರಕ್ಕೊಮ್ಮೆ 40 ನಿಮಿಷ ತುಳಿದು ನಿಲ್ಲದೆ 2 ಕಿ.ಮೀ. ಓಡಿ ರೂಢಿ ಮಾಡಿ.

ಶಿರಸಿ_ಅಕ್ಕ:
ತುಂಬಾ ಉಪಕಾರ. ಗಾಬರಿಯ ಬಗ್ಗೆ ಇನ್ನೊಂದು ಮಾತು ಬೇಕಿತ್ತು. ಕೊಳದಲ್ಲಿ ಯಾವತ್ತೂ ಆಗಿಲ್ಲ, ಆದರೂ ಸಮುದ್ರದಲ್ಲಿ ಎಲ್ಲರಿಗೂ ಆಗುತ್ತದೆ ಅಂತಾರೆ. ಜೆಲ್ಲಿ ಮೀನಿನ ಭಯವೂ ಇದೆ.

ಉಪ್ಪುನೀರು:
ಗಾಬರಿಗೆ ಹೆಚ್ಚಾಗಿ ಕಾರಣ ಮೊದಲ 100 ಮೀಟರಿನ ಅವಸರ. ಎಲ್ಲರೂ ನುಗ್ಗುತ್ತಾರೆ, ನೀವೂ ನುಗ್ಗುತ್ತೀರಿ, ಉಸಿರು ಪೂರ್ತಿ ಬಿಡದೆ ಮತ್ತೆ ಎಳೆಯುತ್ತೀರಿ, ಎದೆ ಬಿಗಿಯುತ್ತದೆ. ಗುಂಪಿನ ಹಿಂದೆ, ಒಂದು ಬದಿಗೆ ನಿಲ್ಲಿ. ಸೀಟಿ ಊದಿದ ಮೇಲೆ ಹತ್ತು ಎಣಿಸಿ ಹೊರಡಿ. ಮುಖ ನೀರಲ್ಲಿರುವಾಗಲೇ ಗುಳ್ಳೆ ಬಿಡುತ್ತ ಪೂರ್ತಿ ಉಸಿರು ಹೊರಹಾಕಿ. ಆದರೂ ಬಿಗಿದರೆ ಅಂಗಾತ ಮಲಗಿ, ಉಪ್ಪುನೀರು ಕೊಳಕ್ಕಿಂತ ಚೆನ್ನಾಗಿ ತೇಲಿಸುತ್ತದೆ. ಎದೆಯೀಜಿಗೂ ಅಡ್ಡಿಯಿಲ್ಲ. ಕೈ ಎತ್ತಿದರೆ ಕಯಾಕ್ ಬರುತ್ತದೆ. ಅದನ್ನು ಹಿಡಿದು ನಿಂತರೆ ತಪ್ಪಲ್ಲ, ಹಿಡಿದು ಮುಂದೆ ಸಾಗಬಾರದು ಅಷ್ಟೇ.

ಹೊರಗೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಎದುರೀಜಬೇಡಿ. ಸೆಳೆತ ಅಗಲದಲ್ಲಿ ಸಣ್ಣದು, ದಡಕ್ಕೆ ಸಮನಾಗಿ ಈಜಿದರೆ ಹೊರಬರುತ್ತೀರಿ.

ಜೆಲ್ಲಿ ಮೀನು ಕುಟುಕಿದರೆ ನೀರಿಂದ ಹೊರಬಂದು ಸಮುದ್ರದ ನೀರಲ್ಲೇ ತೊಳೆಯಿರಿ. ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಮರಳು ತಿಕ್ಕುವುದು, ಸಿಹಿನೀರು ಹಾಕುವುದು ಬೇಡ, ವಿಷ ಇನ್ನಷ್ಟು ಇಳಿಯುತ್ತದೆ. ಆಮೇಲೆ ಸುಡದಷ್ಟು ಬಿಸಿನೀರಲ್ಲಿ, ಸುಮಾರು 45 ಡಿಗ್ರಿ, 20 ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆ ಅನಿಸಿದರೆ ಕಾಯದೆ ಆಸ್ಪತ್ರೆಗೆ.

ಕನ್ನಡಕ ಕಪ್ಪು ಗಾಜಿನದ್ದೇ ತನ್ನಿ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಹೋಗುವಾಗ ಸೂರ್ಯ ಬೆನ್ನಿಗೆ, ಮರಳುವಾಗ ಸಹ್ಯಾದ್ರಿಯ ಮೇಲಿಂದ ನೇರ ಕಣ್ಣಿಗೆ ಹೊಡೆಯುತ್ತಾನೆ. ದಾರಿ ಗುರುತಿಗೆ ನೀರಲ್ಲಿ ತೇಲಿಬಿಟ್ಟ ಬಣ್ಣದ ಬುರುಡೆ ಆಗ ಕಾಣುವುದೇ ಇಲ್ಲ. ಅದಕ್ಕೇ ನೀರಿಗಿಳಿಯುವ ಮೊದಲು ದಡದಲ್ಲಿ ಎತ್ತರದ ಗುರುತೊಂದನ್ನು, ಕಟ್ಟಡವೋ ಗುಡ್ಡದ ತುದಿಯೋ, ಇಬ್ಬರೂ ಸೇರಿ ನೋಡಿಟ್ಟುಕೊಳ್ಳಿ. ಕುತ್ತಿಗೆಗೆ, ಕಂಕುಳಿಗೆ ವ್ಯಾಸಲೀನ್ ಹಚ್ಚಿ. ಹಚ್ಚಿದ ಕೈ ಒರೆಸಿಕೊಂಡೇ ಕನ್ನಡಕ ಮುಟ್ಟಿ, ಗಾಜಿಗೆ ಜಿಡ್ಡು ಹತ್ತಿದರೆ ನೀರಿನಲ್ಲಿ ಒರೆಸಲಾಗುವುದಿಲ್ಲ.