ಹೊರಗೆ ಹಸಿರಾಗಿರುವ ಸ್ಪ್ರೂಸ್ ಮರದ ಬುಡ ಒಳಗೆ ಕೊಳೆಯುವುದೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಸುಮಾರು 40 ವರ್ಷ ವಯಸ್ಸಿನ ಸ್ಪ್ರೂಸ್ (ಸೂಜಿಯಂತಹ ಎಲೆಗಳ, ಶೀತಪ್ರದೇಶದ ಮರ) ನೆಡುತೋಪೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. 12 ವರ್ಷಗಳ ಹಿಂದೆ ಬೇಸಿಗೆಯಲ್ಲಿ ಒತ್ತಾಗಿ ಬೆಳೆದಿದ್ದ ಮರಗಳನ್ನು ಅಲ್ಲಲ್ಲಿ ಕಡಿದು ವಿರಳಗೊಳಿಸಿದ್ದೆವು. ಈಗ ಎರಡನೆಯ ಬಾರಿ ಕಡಿಯಲು ತೊಡಗಿದಾಗ, ನಾಲ್ಕೈದು ಮರಗಳಿಗೆ ಒಂದರಂತೆ ಬುಡದ ನಡುಭಾಗವು ಕಂದು ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆದಕಿದರೆ ನಾರುನಾರಾಗಿ ಎದ್ದುಬರುತ್ತಿದೆ. ಕಡಿಯುವವರೆಗೂ ಆ ಮರಗಳು ಹಸಿರಾಗಿಯೇ ಇದ್ದವು. ಇದು ಯಾವ ರೋಗ? ಉಳಿದ ಮರಗಳನ್ನು ಗುಣಪಡಿಸಬಹುದೇ?

ಉತ್ತರ: ನಮಸ್ಕಾರ. ನೀವು ವರ್ಣಿಸಿರುವ ಲಕ್ಷಣಗಳು ಹೆಟೆರೊಬ್ಯಾಸಿಡಿಯಾನ್ ಎಂಬ ಶಿಲೀಂಧ್ರದಿಂದ ಬರುವ ಬೇರು ಮತ್ತು ಬುಡ ಕೊಳೆ ರೋಗಕ್ಕೆ ಬಹುಮಟ್ಟಿಗೆ ಹೊಂದುತ್ತವೆ. ಸ್ಪ್ರೂಸ್ ಮರದಲ್ಲಿ ಇದು ಮುಖ್ಯವಾಗಿ ಒಳಗಿನ ಚೇಗನ್ನು ತಿನ್ನುತ್ತದೆ. ನೀರು ಸಾಗಿಸುವ ಹೊರಭಾಗ ಬದುಕಿಯೇ ಇರುವುದರಿಂದ ಎಲೆಗಳು ವರ್ಷಗಟ್ಟಲೆ ಬಾಡುವುದಿಲ್ಲ. ಪೈನ್ ಮರದಲ್ಲಿ ಹಾಗಲ್ಲ, ಬೇರುಗಳೇ ಸತ್ತು ಇಡೀ ಮರ ಒಣಗುವುದು ಹೆಚ್ಚು.

ಕಷ್ಟದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಒಳಗೆ ಕೊಳೆ ಹಿಡಿದ ಮರವನ್ನು ಗುಣಪಡಿಸುವ ಔಷಧಿ ಯಾವುದೂ ಇಲ್ಲ. ಆದರೆ ರೋಗವು ತೋಪಿಗೆ ಎಲ್ಲಿಂದ ನುಗ್ಗಿತೆಂದು ತಿಳಿದರೆ ಮುಂದಿನ ನಷ್ಟವನ್ನು ಬಹಳಷ್ಟು ತಡೆಯಬಹುದು. ಈ ಶಿಲೀಂಧ್ರವು ಮಣ್ಣಿನಲ್ಲಿ ತಾನಾಗಿಯೇ ಹರಡಿಕೊಂಡು ಹೋಗಲಾರದು. ಅದರ ಬೀಜಕಗಳು ಗಾಳಿಯಲ್ಲಿ ತೇಲಿಬಂದು, ಆಗತಾನೇ ಕಡಿದ ಬೊಡ್ಡೆಯ ಹಸಿ ಮೈಮೇಲೆ ಬಿದ್ದು ಮೊಳೆಯುತ್ತವೆ. ಅಲ್ಲಿಂದ ಬೇರಿಗೆ ಇಳಿದು, ಆ ಬೇರು ಪಕ್ಕದ ಮರದ ಬೇರಿಗೆ ತಾಗಿರುವ ಅಥವಾ ಬೆಸೆದುಕೊಂಡಿರುವ ಜಾಗದಲ್ಲಿ ಬದುಕಿರುವ ಮರವನ್ನು ಹೊಗುತ್ತವೆ. ಬೇರಿನಿಂದ ಬೇರಿಗೆ ಹರಡುವ ಸಂಗತಿಯನ್ನು ಜರ್ಮನಿಯ ರಾಬರ್ಟ್ ಹಾರ್ಟಿಗ್ 19ನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಹೊಸ ಬೊಡ್ಡೆಯೇ ಹೆಬ್ಬಾಗಿಲು ಎಂಬುದನ್ನು 1950ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ರಿಶ್ಬೆತ್ ತೋರಿಸಿಕೊಟ್ಟರು. ನಿಮ್ಮ ತೋಪಿನಲ್ಲಿ ಆ ಬಾಗಿಲು ತೆರೆದದ್ದು 12 ವರ್ಷಗಳ ಹಿಂದಿನ ಬೇಸಿಗೆಯ ಕಡಿತದಲ್ಲಿ ಎಂಬುದು ನನ್ನ ಬಲವಾದ ಅನುಮಾನ.

ಪ್ರಶ್ನೆ: ವಿವರಣೆಗೆ ಧನ್ಯವಾದಗಳು ಮೇಡಂ. ಇದು ಅದೇ ಶಿಲೀಂಧ್ರವೆಂದು ನಾನೇ ಖಚಿತಪಡಿಸಿಕೊಳ್ಳುವ ದಾರಿ ಇದೆಯೇ?

ಉತ್ತರ: ಇದೆ. ಕೊಳೆತ ಭಾಗ ಮತ್ತು ಅದರ ಅಂಚಿನ ಗಟ್ಟಿ ಭಾಗ ಎರಡೂ ಸೇರುವಂತೆ ಬುಡದಿಂದ ಒಂದು ತೆಳುವಾದ ಬಿಲ್ಲೆಯನ್ನು ಕೊಯ್ದು, ಒದ್ದೆ ಮಾಡಿ ಹಿಂಡಿದ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಿಸಿಲು ತಾಗದ ಕಡೆ ಒಂದು ವಾರ ಬಿಡಿ. ಬಳಿಕ ಬಿಲ್ಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗುಂಡುಸೂಜಿಗಳನ್ನು ನೆಟ್ಟಂತೆ, ತುದಿ ಉಬ್ಬಿದ ಸಣ್ಣ ಬೆಳ್ಳನೆಯ ಕಡ್ಡಿಗಳು ಗುಂಪುಗುಂಪಾಗಿ ನಿಂತಿದ್ದರೆ ಅದು ಹೆಟೆರೊಬ್ಯಾಸಿಡಿಯಾನ್. ಬರಿಗಣ್ಣಿಗೆ ಅವು ಬೂಷ್ಟಿನಂತಷ್ಟೇ ಕಾಣುವುದರಿಂದ ಅವಸರದಲ್ಲಿ ತೀರ್ಮಾನಿಸಬೇಡಿ.

ಹಳೆಯ ಬೊಡ್ಡೆಗಳ ಬುಡದಲ್ಲಿ ಉದುರಿದ ಎಲೆಗಳನ್ನು ಕೈಯಿಂದ ಸರಿಸಿ ನೋಡುವುದೂ ಒಳ್ಳೆಯದು. ಮೇಲೆ ಕಂದು, ಅಂಚು ಬಿಳಿ, ಕೆಳಗೆ ಸಣ್ಣ ರಂಧ್ರಗಳಿರುವ ಗಟ್ಟಿ ಅಣಬೆ ಅಲ್ಲಿ ಅಡಗಿರುತ್ತದೆ. ಅದರ ಬದಲು ತೊಗಟೆಯಡಿ ಬೀಸಣಿಗೆಯಾಕಾರದ ಬಿಳಿ ಪದರವೂ ಬೂಟಿನ ದಾರದಂತಹ ಕಪ್ಪು ಎಳೆಗಳೂ ಸಿಕ್ಕರೆ ಅದು ಬೇರು ಕೊಳೆಸುವ ಇನ್ನೊಂದು ಶಿಲೀಂಧ್ರವಾದ ಆರ್ಮಿಲೇರಿಯಾ. ಕೊಳೆತ ಮರ ಚೌಕಚೌಕವಾಗಿ ಬಿರಿದು ಪುಡಿಯಾಗುತ್ತಿದ್ದರೆ ಅದು ಬೇರೆಯದೇ ಗುಂಪಿನ ಕಂದು ಕೊಳೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮುಂದಿನ ವರ್ಷ ನಾವೂ ಮೊದಲ ಬಾರಿಗೆ ಮರ ಕಡಿಸುವವರಿದ್ದೇವೆ. ಬೊಡ್ಡೆಗೆ ಏನನ್ನು ಹಚ್ಚಬೇಕು ಮೇಡಂ?

ಉತ್ತರ: ಕಡಿಯುವ ಮೊದಲೇ ಕೇಳಿದ್ದು ನನಗೆ ನಿಜಕ್ಕೂ ಸಂತೋಷ ತಂದಿತು, ಏಕೆಂದರೆ ಈ ಪ್ರಶ್ನೆ ನನ್ನ ಬಳಿಗೆ ಸಾಮಾನ್ಯವಾಗಿ ಹತ್ತು ವರ್ಷ ತಡವಾಗಿ ಬರುತ್ತದೆ. ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಉಪಾಯ. ಒಂದು, ನೂರಕ್ಕೆ 30ರಿಂದ 37 ಭಾಗದಷ್ಟು ಸಾಂದ್ರತೆಯ ಯೂರಿಯಾ ದ್ರಾವಣ. ಇದು ಬೊಡ್ಡೆಯ ಮೇಲ್ಮೈಯನ್ನು ಕ್ಷಾರೀಯಗೊಳಿಸಿ ಬೀಜಕಗಳು ಮೊಳೆಯದಂತೆ ಮಾಡುತ್ತದೆ. ಇನ್ನೊಂದು, ಫ್ಲೆಬಿಯಾಪ್ಸಿಸ್ ಜೈಗ್ಯಾಂಟಿಯಾ ಎಂಬ ಮತ್ತೊಂದು ಶಿಲೀಂಧ್ರದ ಬೀಜಕಗಳ ದ್ರಾವಣ. ಬದುಕಿರುವ ಮರಕ್ಕೆ ರೋಗ ತರದ ಈ ಶಿಲೀಂಧ್ರವು ಬೊಡ್ಡೆಯನ್ನು ಮೊದಲು ಆಕ್ರಮಿಸಿಕೊಂಡು ರೋಗಕಾರಕಕ್ಕೆ ಜಾಗ ಬಿಡುವುದಿಲ್ಲ. ನಿಮ್ಮಲ್ಲಿ ಯಾವುದಕ್ಕೆ ಅನುಮತಿ ಇದೆಯೆಂದು ವಿಚಾರಿಸಿಕೊಂಡು ಬಳಸಿ.

ಯಾವುದನ್ನೇ ಬಳಸಿದರೂ ಮರ ಉರುಳಿದ ಕೂಡಲೇ, ಬೊಡ್ಡೆಯ ಕೊಯ್ದ ಮೈ ಅಂಚಿನವರೆಗೂ ತೋಯುವಂತೆ ಹಚ್ಚಬೇಕು. ಬಿಟ್ಟುಹೋದ ಒಂದು ಅಂಗೈ ಅಗಲದ ಜಾಗವೂ ಬೀಜಕಕ್ಕೆ ಸಾಕು. ಅದಕ್ಕಾಗಿಯೇ ದ್ರಾವಣಕ್ಕೆ ಬಣ್ಣ ಬೆರೆಸಿ, ಎಲ್ಲಿ ತಾಗಿಲ್ಲವೆಂದು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳುವ ರೂಢಿಯಿದೆ. ತಾಪಮಾನ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ಕಡೆಗಳಲ್ಲಿ ಕಡು ಚಳಿಗಾಲದಲ್ಲಿ ಕಡಿಯುವುದು ಇನ್ನೂ ಒಳ್ಳೆಯದು; ಆಗ ಗಾಳಿಯಲ್ಲಿ ಬೀಜಕಗಳು ತೀರಾ ಕಡಿಮೆ.

ಮೊದಲಿನ ಸದಸ್ಯರ ಪ್ರಶ್ನೆ: ಹಾಗಾದರೆ ಈಗಾಗಲೇ ರೋಗ ಹಿಡಿದಿರುವ ನನ್ನ ತೋಪಿನಲ್ಲಿ ಬೊಡ್ಡೆಗಳಿಗೆ ದ್ರಾವಣ ಹಚ್ಚಿ ಪ್ರಯೋಜನವಿದೆಯೇ?

ಉತ್ತರ: ಕಡಿದಾಗ ಒಳಗೆ ಕೊಳೆ ಕಂಡ ಬೊಡ್ಡೆಗೆ ಹಚ್ಚಿ ಫಲವಿಲ್ಲ, ಶಿಲೀಂಧ್ರ ಆಗಲೇ ಬೇರಿನಲ್ಲಿದೆ. ಗಟ್ಟಿಯಾಗಿರುವ ಬೊಡ್ಡೆಗಳಿಗೆ ಮಾತ್ರ ತಪ್ಪದೆ ಹಚ್ಚಿಸಿ. ನಾನು ನಿಮ್ಮ ಜಾಗದಲ್ಲಿದ್ದರೆ ಮತ್ತೆ ಮತ್ತೆ ವಿರಳಗೊಳಿಸುವುದನ್ನು ನಿಲ್ಲಿಸಿ, ಕೊಳೆ ಕಾಂಡದಲ್ಲಿ ಇನ್ನೂ ಮೇಲೇರುವ ಮುನ್ನ, ನಿಗದಿತ ಅವಧಿಗಿಂತ ಬೇಗನೆ ಇಡೀ ತೋಪನ್ನು ಕಟಾವು ಮಾಡುವ ಯೋಜನೆ ಹಾಕುತ್ತಿದ್ದೆ. ಶಿಲೀಂಧ್ರವು ಹಳೆಯ ಬೊಡ್ಡೆಯಲ್ಲಿ ದಶಕಗಳ ಕಾಲ ಜೀವ ಹಿಡಿದಿರುವುದರಿಂದ, ಅದೇ ಜಾಗದಲ್ಲಿ ಪುನಃ ಸ್ಪ್ರೂಸ್ ನೆಟ್ಟರೆ ಎಳೆಯ ಗಿಡಗಳ ಬೇರು ನೇರವಾಗಿ ರೋಗದ ಬಾಯಿಗೇ ಹೋಗುತ್ತದೆ. ಬೊಡ್ಡೆಗಳನ್ನು ದಪ್ಪ ಬೇರುಗಳ ಸಮೇತ ಕಿತ್ತುಹಾಕಿಸಿ, ಇಲ್ಲವೇ ಬರ್ಚ್‌ನಂತಹ ಅಗಲ ಎಲೆಯ ಮರಗಳನ್ನು ನೆಡಿಸಿ. ಪೈನ್ ನೆಡುವ ಆಲೋಚನೆಯಿದ್ದರೆ ಮೊದಲು ಪ್ರಯೋಗಾಲಯದಲ್ಲಿ ಹೆಟೆರೊಬ್ಯಾಸಿಡಿಯಾನ್‌ನ ಯಾವ ಪ್ರಭೇದವೆಂದು ಗುರುತಿಸಿಕೊಳ್ಳಿ: ಅದರ ಪಾರ್ವಿಪೋರಮ್ ಪ್ರಭೇದವು ಹೆಚ್ಚಾಗಿ ಸ್ಪ್ರೂಸ್ ಮರಕ್ಕೇ ಅಂಟಿಕೊಂಡಿರುತ್ತದೆ, ಆದರೆ ಅನ್ನೋಸಮ್ ಪ್ರಭೇದವು ಪೈನ್ ಮರವನ್ನೂ ಬಿಡುವುದಿಲ್ಲ.

ಕಟಾವಿನವರೆಗೆ, ಜನ ಓಡಾಡುವ ದಾರಿಯ ಪಕ್ಕದ ಮರಗಳನ್ನು ಮಾತ್ರ ದಯವಿಟ್ಟು ಈಗಲೇ ಪರೀಕ್ಷೆ ಮಾಡಿಸಿ. ಬೇರು ಮತ್ತು ಬುಡ ಟೊಳ್ಳಾದ ಮರವು ಹಸಿರು ತಲೆಯ ಸಮೇತ ಗಾಳಿಗೆ ಉರುಳಬಲ್ಲದು.