ಆಟದ ಫೋಟೋಕ್ಕೆ ಹೊಸ ಕ್ಯಾಮೆರಾ ಬೇಡ

ಪುಟ್ಟಾ, ನಿನ್ನೆ ರಾತ್ರಿಯ ಯಕ್ಷಗಾನ ಆಟದ್ದು ನೀನು ಗ್ರೂಪಿಗೆ ಹಾಕಿದ ಹನ್ನೆರಡು ಫೋಟೋವನ್ನೂ ಕಂಪ್ಯೂಟರಿನಲ್ಲಿ ದೊಡ್ಡ ಮಾಡಿ ನೋಡಿದೆ. ಡಾಕ್ಯುಮೆಂಟ್ ಆಗಿ ಕಳಿಸಿದ್ದು ಒಳ್ಳೆದಾಯ್ತು, ಯಾವ ಸ್ಪೀಡು, ಯಾವ ಅಪರ್ಚರು (ಲೆನ್ಸು ಎಷ್ಟು ತೆರೆದದ್ದು) ಎಲ್ಲ ಹಾಗೇ ಉಂಟು ಅದರಲ್ಲಿ. ನೀನು ಕೇಳಿದ್ದು ನಾಲ್ಕು: ಮುಖ ಯಾಕೆ ಅಲುಗಿದ ಹಾಗೆ ಬರ್ತದೆ, ಅಡ್ಡಕ್ಕೆ ಕಪ್ಪು ಪಟ್ಟಿ ಎಂತದ್ದು, ಕೆಂಪು ಬಟ್ಟೆ ಯಾಕೆ ಬಣ್ಣ ಕಲಸಿಟ್ಟ ಹಾಗೆ ಕಾಣ್ತದೆ, ಮತ್ತೆ ನಿನ್ನ ನಿಕಾನ್ ಡಿ3500 ಕೊಟ್ಟು ಬೇರೆ ಕ್ಯಾಮೆರಾ ತೆಗೊಳ್ಳುದಾ ಅಂತ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಲ್ಲಿ ಕೇಳು.

ಕೊನೆಯದ್ದು ಮೊದಲು ಹೇಳ್ತೇನೆ. ಕ್ಯಾಮೆರಾ ಕೊಡ್ಬೇಡ. ತೊಂದರೆ ಇರುದು ಅದರೊಟ್ಟಿಗೆ ಬಂದ 18-55 ಕಿಟ್ ಲೆನ್ಸಿನಲ್ಲಿ. ನಿನ್ನ ನಾಲ್ಕನೇ ಫೋಟೋ ನೋಡು: 55 ಎಂಎಂ, ಎಫ್ 5.6, 1/40 ಸೆಕೆಂಡು, ಐಎಸ್‌ಒ 3200. ಎಫ್ ನಂಬರ್ ಸಣ್ಣದಾದಷ್ಟು ಲೆನ್ಸು ಹೆಚ್ಚು ತೆರೀತದೆ, ಐಎಸ್‌ಒ ಹೆಚ್ಚಿಸಿದಷ್ಟು ಕಡಿಮೆ ಬೆಳಕು ಸಾಕಾಗ್ತದೆ. 1/40ರಲ್ಲಿ ಕುಣಿಯುವವರ ಮುಖ ನಿಲ್ಲುದಿಲ್ಲ, ನಿನ್ನ ಕೈ ಎಷ್ಟು ಗಟ್ಟಿ ಇದ್ರೂ. ಆ ಲೆನ್ಸು 55ಕ್ಕೆ ಜೂಮ್ ಮಾಡಿದ್ರೆ 5.6ಕ್ಕಿಂತ ಹೆಚ್ಚು ತೆರೆಯುದೇ ಇಲ್ಲ. ಅದೇ ಜಾಗದಲ್ಲಿ ಎಫ್ 1.8ರ 50 ಎಂಎಂ ಹಾಕಿದ್ರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರ್ತದೆ. ಅಂದ್ರೆ ಅದೇ ಐಎಸ್‌ಒ 3200ರಲ್ಲಿ 1/40 ಇದ್ದದ್ದು 1/400 ಆಗ್ತದೆ. ಬಾಡಿ ಬದಲಿಸಿ ಇದೇ ಕಿಟ್ ಲೆನ್ಸ್ ಇಟ್ಕೊಂಡ್ರೆ ಇಷ್ಟು ಲಾಭ ಸಿಗ್ಲಿಕ್ಕಿಲ್ಲ.

ಆದ್ರೆ ನಿಂಗೆ ಯಾರೋ ಕಡಿಮೆಗೆ ಕೊಡ್ತಾರೆ ಅಂದ ಆ ಹಳೇ 50 ಎಂಎಂ ಉಂಟಲ್ಲ, ಅದನ್ನು ತೆಗೊಳ್ಬೇಡ. ನೀನು ಹಾಕಿದ ಚಿತ್ರದಲ್ಲಿ ಲೆನ್ಸಿನ ಹಿಂದೆ ನಂಬರ್ ಬರೆದ ಬಳೆ ಕಾಣ್ತದೆ, 22ರವರೆಗೆ. ಅದು 1.8ಡಿ. ಲೆನ್ಸ್ ಒಳ್ಳೆದೇ, ಆದ್ರೆ ಅದಕ್ಕೆ ಸ್ವಂತ ಮೋಟಾರಿಲ್ಲ, ಬಾಡಿಯ ಮೋಟಾರು ತಿರುಗಿಸ್ಬೇಕು. ಡಿ3500ರ ಬಾಡಿಯಲ್ಲಿ ಆ ಮೋಟಾರೇ ಇಲ್ಲ. ಬೆಳಕು ಅಳೆಯುವ ಮೀಟರ್ ಕೆಲಸ ಮಾಡ್ತದೆ, ಆಟೋಫೋಕಸ್ ಮಾತ್ರ ಆಗುದಿಲ್ಲ. ಆ ಬಳೆಯನ್ನು 22ಕ್ಕೆ ಲಾಕ್ ಮಾಡದಿದ್ರೆ ಎಫ್‌ಇಇ ಅಂತ ತೋರಿಸಿ ಶಟರೇ ಬೀಳುದಿಲ್ಲ. ರಾತ್ರಿ ಆಟಕ್ಕೆ ಕೈಯಲ್ಲಿ ಫೋಕಸ್ ತಿರುಗಿಸ್ತಾ ಕೂತ್ರೆ ಪ್ರಸಂಗ ಮುಗೀತದೆ. ನಿಂಗೆ ಬೇಕಾದ್ದು ಒಳಗೇ ಮೋಟಾರು ಇರುವ ಎಎಫ್-ಎಸ್ 50 ಎಂಎಂ 1.8ಜಿ. ಅದರಲ್ಲಿ ಆ ಬಳೆ ಇರುದಿಲ್ಲ, ಮೈಮೇಲೆ ಎಎಫ್-ಎಸ್ ಅಂತ ಬರೆದಿರ್ತದೆ. ಸೆಕೆಂಡ್ ಹ್ಯಾಂಡ್ ಆದ್ರೆ ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ಓರೆಯಾಗಿ ನೋಡು. ಗಾಜಿನೊಳಗೆ ಜೇಡರ ಬಲೆಯ ಹಾಗೆ ಎಳೆ ಕಂಡ್ರೆ ಅದು ಫಂಗಸ್. ನಮ್ಮ ಕರಾವಳಿಯ ಮಳೆಗಾಲ ಕಳೆದ ಲೆನ್ಸಿಗೆ ಇದು ಸಾಮಾನ್ಯ, ಕ್ರಯ ಎಷ್ಟು ಕಡಿಮೆಯಾದ್ರೂ ಬಿಟ್ಟುಬಿಡು.

35 ಎಂಎಂ 1.8 ಆಗುದಿಲ್ವಾ ಅಂತಲೂ ನೀನು ಕೇಳಿದ್ದಿ. ಅದು ನೀನು ನಿಲ್ಲುವ ಜಾಗದ ಪ್ರಶ್ನೆ. 50ನ್ನು ಹಾಕಿ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದು 20 ಅಡಿ ದೂರದಲ್ಲಿ ನಿಂತ್ರೆ ಸುಮಾರು 9 ಅಡಿ ಎತ್ತರ ಫ್ರೇಮಿಗೆ ಸಿಗ್ತದೆ. ವೇಷದವರು ಕಿರೀಟ ಸಮೇತ ನಿಂತು, ಕೈ ಮೇಲೆತ್ತಿದ್ರೂ ಕತ್ತರಿಸಿ ಹೋಗುದಿಲ್ಲ. 35ಕ್ಕೆ ಅಷ್ಟೇ ಸಿಗ್ಬೇಕಾದ್ರೆ 14 ಅಡಿಗೆ ಬರ್ಬೇಕು. ಅಲ್ಲಿ ನಿಂತ್ರೆ ಎದುರಿನ ಚಾಪೆಯಲ್ಲಿ ಕೂತವರಿಗೆ ನಿನ್ನ ಬೆನ್ನೇ ಆಟ. ಅದಕ್ಕೆ ನಾನು 50 ಅನ್ನುದು. ಕುರ್ಚಿ ಸಾಲಿನ ಬದಿಯಲ್ಲಿ, ರಂಗಸ್ಥಳದ ಮೂಲೆಗೆ ಓರೆಯಾಗಿ ನಿಲ್ಲು. ತೀರ ಹತ್ತಿರ ಹೋಗಿ ಕೆಳಗಿನಿಂದ ತೆಗೆದ್ರೆ ಮೂಗಿನ ಹೊಳ್ಳೆ, ಗಲ್ಲ ಮಾತ್ರ ಕಾಣುದು, ನಿನ್ನ ಆರನೇ ಫೋಟೋದ ಹಾಗೆ.

ಈಗ ಆ ಕಪ್ಪು ಪಟ್ಟಿ. ಒಂಬತ್ತನೇ ಫೋಟೋದಲ್ಲಿ ನೀನು ಐಎಸ್‌ಒ 25600 ಮಾಡಿ 1/320ಕ್ಕೆ ಹೋಗಿದ್ದಿ. ನಮ್ಮ ಕರೆಂಟು 50 ಹರ್ಟ್ಸಿನದ್ದು, ಅಗ್ಗದ ಎಲ್‌ಇಡಿ ಲೈಟು ಅದರ ಜೊತೆ ಸೆಕೆಂಡಿಗೆ 100 ಸಲ ಮಂಕಾಗಿ ಹೊಳೀತದೆ. ಕಣ್ಣಿಗೆ ಗೊತ್ತಾಗುದಿಲ್ಲ. ನಿನ್ನ ಕ್ಯಾಮೆರಾದಲ್ಲಿ 1/200ಕ್ಕಿಂತ ವೇಗ ಹೋದ್ರೆ ಶಟರ್ ಒಮ್ಮೆಗೇ ಪೂರ್ತಿ ತೆರೆಯುದಿಲ್ಲ, ಎರಡು ಪರದೆಯ ನಡುವಿನ ಒಂದು ಸೀಳು ಸೆನ್ಸಾರಿನ ಮೇಲೆ ಜಾರಿಕೊಂಡು ಹೋಗ್ತದೆ. ಸೀಳು ಒಂದು ಕಡೆ ಇರುವಾಗ ಲೈಟು ಹೊಳೆದಿರ್ತದೆ, ಇನ್ನೊಂದು ಕಡೆ ಬರುವಾಗ ಮಂಕಾಗಿರ್ತದೆ. ಆ ಮಂಕಾದ ಭಾಗವೇ ಪಟ್ಟಿ. ಹ್ಯಾಲೊಜನ್ನಿನಲ್ಲಿ ಇದು ಅಷ್ಟಾಗಿ ಕಾಣುದಿಲ್ಲ, ತಂತಿ ಕಾದೇ ಇರ್ತದಲ್ಲ.

1/100 ಇಟ್ರೆ ಒಂದು ಪೂರ್ತಿ ಸುತ್ತಿನ ಬೆಳಕು ಸಿಗ್ತದೆ, ಪಟ್ಟಿ ಬರುದಿಲ್ಲ. ಮೆನುವಿನಲ್ಲಿ ಫ್ಲಿಕರ್ ರಿಡಕ್ಷನ್ ಅಂತ ಕಂಡು 50 ಹರ್ಟ್ಸ್ ಇಟ್ಟೆ ಅಂದಿಯಲ್ಲ, ಡಿ3500ರಲ್ಲಿ ಅದು ಲೈವ್ ವ್ಯೂ, ವಿಡಿಯೋಕ್ಕೆ ಮಾತ್ರ, ಫೋಟೋಕ್ಕೆ ಲೆಕ್ಕಕ್ಕಿಲ್ಲ. ಪ್ರಸಂಗಕ್ಕೆ ಮೊದಲು ಕೋಡಂಗಿ, ಬಾಲಗೋಪಾಲ ವೇಷ ಬರುವ ಹೊತ್ತಿನಲ್ಲೇ ಪರೀಕ್ಷೆ ಮಾಡಿ ಮುಗಿಸು: 1/100, 1/250, 1/400ರಲ್ಲಿ ಐದೈದು ತೆಗೆ. 400ರಲ್ಲೂ ಪಟ್ಟಿ ಇಲ್ಲದಿದ್ರೆ ಆ ದಿನದ ಲೈಟು ಒಳ್ಳೆದು, ಇಡೀ ರಾತ್ರಿ ಅದರಲ್ಲೇ ಹೋಗು.

ಪಟ್ಟಿ ಇದ್ರೆ ಎಂತ ಮಾಡುದು? ಇಲ್ಲಿಯೇ ಇರುದು ವಿಷಯ. 1/100ರಲ್ಲಿ ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ನಿಲ್ಲುದಿಲ್ಲ, ಆದ್ರೆ ಮುಕ್ತಾಯ (ಚೆಂಡೆಯ ಪೆಟ್ಟಿನೊಟ್ಟಿಗೆ ಕುಣಿತ ಮುಗಿಸುವ ಹೊತ್ತು) ನಿಲ್ತದೆ. ನಿಂಗೆ ಚೆಂಡೆ ಗೊತ್ತುಂಟು, ಅದನ್ನು ಕಣ್ಣಿನ ಬದಲು ಬೆರಳಿಗೆ ಕೇಳಿಸು. ಮುಕ್ತಾಯದ ಕೊನೆಯ ಪೆಟ್ಟಿಗೆ ಕಾಲು ನೆಲಕ್ಕೆ ಊರಿ, ಕತ್ತು ತಿರುಗಿ, ಕಣ್ಣು ಒಂದು ಕಡೆ ನೆಟ್ಟು ಒಂದು ಕ್ಷಣ ವೇಷ ಹಾಗೇ ನಿಲ್ತದೆ. ಭುಜಕೀರ್ತಿ ಸಮೇತ ನಿಲ್ತದೆ, ಗೆಜ್ಜೆ ಮಾತ್ರ ಅಲುಗ್ತಾ ಇರ್ತದೆ. ಪೆಟ್ಟು ಬಿದ್ದ ಮೇಲೆ ಒತ್ತಿದ್ರೆ ತಡವಾಯ್ತು. ಶಟರ್ ಗುಂಡಿ ಅರ್ಧ ಒತ್ತಿ ಹಿಡ್ಕೊಂಡೇ ಇರು, ಕೊನೆಯ ಪೆಟ್ಟಿನ ಜೊತೆಗೇ ಪೂರ್ತಿ ಒತ್ತು. ಹಾರುವಾಗಲೂ ಅಷ್ಟೇ: ಮೇಲಿನ ತುದಿಯಲ್ಲಿ ಮೈ ಏರುದೂ ಇಲ್ಲ, ಇಳಿಯುದೂ ಇಲ್ಲ. ಧೀಂಗಿಣಕ್ಕೆ ಮಾತ್ರ 1/400, 1/500 ಬೇಕೇ ಬೇಕು. ಕಂಟಿನ್ಯೂಯಸ್ಸಿನಲ್ಲಿಟ್ಟು ಸೆಕೆಂಡಿಗೆ 5ರ ಹಾಗೆ ತೆಗೆದು, ಪಟ್ಟಿ ಮುಖದ ಮೇಲೆ ಬೀಳದ್ದನ್ನು ಆರಿಸು.

ಸೆಟ್ಟಿಂಗ್ ಬರ್ಕೊ. ಎಂ ಮೋಡ್ (ಎಲ್ಲ ನೀನೇ ಇಡುವ ಮ್ಯಾನುಯಲ್), ಆಟೋ ಐಎಸ್‌ಒ ಆಫ್. ಹಿಂದೆ ಕತ್ತಲೆ ಇರುದರಿಂದ ಮೀಟರು ಫೋಟೋವನ್ನು ಬೆಳ್ಳಗೆ ಮಾಡ್ಲಿಕ್ಕೆ ನೋಡ್ತದೆ, ಮುಖ ಸುಟ್ಟುಹೋಗ್ತದೆ, ಅದಕ್ಕೆ ಎಂ. ಎಫ್ 2.2, 1/250, ಐಎಸ್‌ಒ 3200ರಿಂದ ಶುರು ಮಾಡು, ಪರೀಕ್ಷೆಯಲ್ಲಿ ಕಂಡ ಹಾಗೆ ಸ್ಪೀಡು ಬದಲಿಸು. ಇಬ್ಬರು ಹಿಂದೆ ಮುಂದೆ ನಿಂತು ವಾದ ಮಾಡುವಾಗ 2.8 ಮಾಡು. 20 ಅಡಿಯಿಂದ 1.8ರಲ್ಲಿ ಒಂದು ಮೀಟರಿನಷ್ಟೇ ಸ್ಪಷ್ಟ ಬರುದು, 2.8ರಲ್ಲಿ ಒಂದೂವರೆಗಿಂತ ಸ್ವಲ್ಪ ಹೆಚ್ಚು. ಫೋಕಸ್ ಎಎಫ್-ಸಿ (ಅಲುಗುವವರನ್ನು ಹಿಂಬಾಲಿಸುವದ್ದು), ಒಂದೇ ಪಾಯಿಂಟು, ಅದೂ ನಡುವಿನದ್ದು. ನಿನ್ನ ಕ್ಯಾಮೆರಾದ 11 ಪಾಯಿಂಟಿನಲ್ಲಿ ಅಡ್ಡ ಉದ್ದ ಎರಡೂ ಗೆರೆ ಹಿಡಿಯುದು ನಡುವಿನದ್ದು ಮಾತ್ರ, ಕತ್ತಲೆಗೆ ಅದೇ ಗಟ್ಟಿ. ಕಿರೀಟದ ಮೇಲೆ ಇಡ್ಬೇಡ, ಕನ್ನಡಿ, ಬೇಗಡೆ ಹೊಳೆದು ಫೋಕಸ್ ಹಿಂದೆ ಮುಂದೆ ಓಡ್ತದೆ. ಕಣ್ಣಿನ ಸುತ್ತ ಕಪ್ಪು ಬರೆದಿರ್ತಾರಲ್ಲ, ಅದಕ್ಕಿಂತ ಒಳ್ಳೆ ಗುರಿ ಇಲ್ಲ. ಫೋಕಸ್ಸಿಗೆ ಕ್ಯಾಮೆರಾ ಹೊಳೆಸುವ ಎಎಫ್ ಅಸಿಸ್ಟ್ ಲೈಟ್ ಆಫ್ ಮಾಡು.

ಕೆಂಪಿನ ವಿಷಯ: ಕೆಂಪು ಲೈಟು ಕೆಂಪು ಬಟ್ಟೆಯ ಮೇಲೆ ಬಿದ್ರೆ ಕ್ಯಾಮೆರಾ ಬೇರೆ ಬೇರೆ ಅಳೆಯುವ ಕೆಂಪು, ಹಸಿರು, ನೀಲಿಯಲ್ಲಿ ಕೆಂಪು ಚಾನೆಲ್ ಮೊದಲು ತುಂಬ್ತದೆ, ಉಳಿದದ್ದು ಸರಿಯಿದ್ದ ಹಾಗೆ ಕಾಣ್ತದೆ. ಪ್ಲೇಬ್ಯಾಕ್ ಡಿಸ್‌ಪ್ಲೇ ಆಪ್ಷನ್ನಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಮ್, ಅಂದ್ರೆ ಮೂರು ಬಣ್ಣದ ಗ್ರಾಫು, ಆನ್ ಮಾಡಿಟ್ಕೊ. ಕೆಂಪು ಬಲಗಡೆಯ ಗೋಡೆಗೆ ತಾಗಿದ್ರೆ ಶಟರ್ ಎರಡು ಕ್ಲಿಕ್ ವೇಗ ಮಾಡು, 250 ಇದ್ರೆ 400. ಬಣ್ಣದ ವೇಷದವರ ಮುಖಕ್ಕೆ ಇಡುವ ಚುಟ್ಟಿಯ ಬಿಳಿಗೂ ಇದೇ ಮದ್ದು. ರಾ ದಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆ. ಮುಖ ಸ್ವಲ್ಪ ಕಪ್ಪಾದ್ರೆ ನಿಕಾನಿನ ಎನ್‌ಎಕ್ಸ್ ಸ್ಟುಡಿಯೋದಲ್ಲಿ ಎತ್ತಬಹುದು, ಅದು ಉಚಿತವೇ. ತುಂಬಿ ಚೆಲ್ಲಿದ ಕೆಂಪಿನ ನೆರಿಗೆ ಮಾತ್ರ ವಾಪಸ್ ಬರುದಿಲ್ಲ.

ಭಾವ, ನೀವು ಗ್ರೂಪಿನಲ್ಲಿ ಪುಟ್ಟ ಫ್ಲ್ಯಾಶ್ ಹಾಕ್ಲಿ ಅಂದ್ರಿ. ಬೇಡ ಭಾವ. ಲೈಟಿನ ಬಣ್ಣ ಎಲ್ಲ ಹೋಗಿ ಪಾಸ್‌ಪೋರ್ಟ್ ಫೋಟೋದ ಹಾಗೆ ಆಗ್ತದೆ. ಅದಕ್ಕಿಂತ ಹೆಚ್ಚು, ಅಷ್ಟು ಭಾರ ಹೊತ್ತು ತಿರುಗುವವರ ಕಣ್ಣಿಗೆ ಮಿಂಚು ಹೊಡೆದ್ರೆ ಕಾಲು ತಪ್ಪೀತು.

ವೇಷ ಕಟ್ಟುವ ಚೌಕಿಗೆ ಹೋಗುದಾದ್ರೆ ಪುಟ್ಟಾ, ಮೊದಲು ಕೇಳಿ ಹೋಗು, ಚಪ್ಪಲಿ ಹೊರಗೆ ಬಿಡು, ಒಳಗೆ ಗಣಪತಿಗೆ ದೀಪ ಇಟ್ಟಿರ್ತಾರೆ. ಬೆಳಗಿನ ಜಾವ ಇಬ್ಬನಿ ಬಿದ್ದ ಮೇಲೆ ಮನೆಗೆ ಬಂದು ಲೆನ್ಸ್ ಒದ್ದೆ ಇರುವಾಗಲೇ ಬ್ಯಾಗಿಗೆ ತುರುಕ್ಬೇಡ. ಒರೆಸಿ ಒಂದು ಗಂಟೆ ಫ್ಯಾನಿನಡಿ ಇಟ್ಟು, ಮತ್ತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡು. ಬರುವ ಶನಿವಾರದ ಆಟಕ್ಕೆ ಲೆನ್ಸ್ ಸಿಗದಿದ್ರೂ ಹೋಗು. ಕಿಟ್ ಲೆನ್ಸನ್ನೇ 18ರಲ್ಲಿಟ್ರೆ ಎಫ್ 3.5 ಸಿಗ್ತದೆ, 1/100ರಲ್ಲಿ ಭಾಗವತರು, ಚೆಂಡೆಯ ಹಿಮ್ಮೇಳ ಸಮೇತ ಇಡೀ ರಂಗಸ್ಥಳ ತೆಗೆ. ಮುಕ್ತಾಯಕ್ಕೆ ಒತ್ತುದನ್ನು ಅದರಲ್ಲೇ ಅಭ್ಯಾಸ ಮಾಡು, ಮತ್ತೆ ತೆಗೆದದ್ದನ್ನು ಹೀಗೇ ಡಾಕ್ಯುಮೆಂಟ್ ಮಾಡಿ ಕಳಿಸು, ನೋಡ್ತೇನೆ.