ಮೀನು ತಜ್ಞರನ್ನು ಕೇಳಿ: ಕಿತ್ತಳೆ ಬಾಲದ ಬಿಳಿಮೀನು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮೂರು ಮುತ್ತತ್ತಿ ಹತ್ತಿರ. ಕಾವೇರಿಯ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ಗೂನು ಬೆನ್ನು, ಕಿತ್ತಳೆ ಬಾಲ ಇತ್ತು ಅಂತ ತಾತ ಹೇಳುತ್ತಿದ್ದರು. ನಾನು ನೋಡಿದ್ದಕ್ಕೆಲ್ಲ ನೀಲಿ ರೆಕ್ಕೆ. ವಯಸ್ಸಾದಂತೆ ಬಣ್ಣ ಬದಲಾಗುತ್ತಾ?

ಉತ್ತರ: ಇಲ್ಲ, ಅವು ಬೇರೆ ಬೇರೆ ಜಾತಿ. ತಾತ ಹೇಳಿದ್ದು ಟಾರ್ ರೆಮಾದೇವಿ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಅದು ಲೋಕದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್‌ನ ಮಹಶೀರ್ ಗಾಳಕ್ಕೆ ಸಿಕ್ಕಿತ್ತು, ಸುಮಾರು 54 ಕಿಲೋ! ನೀವು ನೋಡಿದ್ದು ಟಾರ್ ಖುದ್ರೀ. ಅದರ ತವರು ಕೃಷ್ಣಾ ಕೊಳ್ಳ. ಅದಕ್ಕೆ 1839ರಲ್ಲಿ ಹೆಸರಿಟ್ಟಿದ್ದು ಪುಣೆ ಬಳಿಯ ಮುಳಾ-ಮುಠಾ ನದಿಯ ಮೀನು ನೋಡಿ. 1970ರ ದಶಕದಿಂದ ಲೋಣಾವಳದಲ್ಲಿ ಅದರ ಮರಿ ಮಾಡಿ ಬೇರೆ ನದಿಗಳಿಗೆ ಬಿಟ್ಟರು. ಕಾವೇರಿಗೂ ಬಂತು. ಮಹಶೀರ್ ಉಳಿಯಲಿ ಅಂತಲೇ ಬಿಟ್ಟಿದ್ದು.

ಪ್ರಶ್ನೆ: ಎರಡೂ ನಮ್ಮ ದೇಶದ್ದೇ ಅಲ್ವಾ? ಆಫ್ರಿಕನ್ ಕ್ಯಾಟ್‌ಫಿಶ್ ಥರ ಅದನ್ನೂ ದಾಳಿಕೋರ ಅನ್ನಬಹುದಾ?

ಉತ್ತರ: ಮೀನಿಗೆ ದೇಶದ ಗಡಿ ಗೊತ್ತಿಲ್ಲ, ನದಿಯ ಗಡಿ ಗೊತ್ತು. ಕೃಷ್ಣೆಗೂ ಕಾವೇರಿಗೂ ನಡುವೆ ನೆಲ ಇದೆ. ತಾನಾಗಿ ದಾಟಿ ಬರಲು ಅದಕ್ಕೆ ದಾರಿಯಿಲ್ಲ. ಕಾವೇರಿ ದಂಡೆಯ ಗಾಳಿಬೋರೆಯ ಗಾಳ ಹಾಕುವ ಕ್ಯಾಂಪ್‌ನಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಜಾಸ್ತಿ ಮಹಶೀರ್‌ಗಳ ಲೆಕ್ಕ ಇದೆ. ಒಟ್ಟು ಸಂಖ್ಯೆ ನೋಡಿದರೆ ಖುಷಿಯಾಗುತ್ತದೆ, ಏರುತ್ತಾ ಹೋಗಿದೆ. ಆದರೆ ಏರಿದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನದು ಕಡಿಮೆಯಾಗುತ್ತಾ ಬಂತು. ಡೈನಮೈಟ್, ಮರಳು ದಂಧೆ, ಅಣೆಕಟ್ಟು ಮೊದಲೇ ಅದನ್ನು ಹಣ್ಣು ಮಾಡಿದ್ದವು. ಅದರ ಮೇಲೆ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದೂ ಸೇರಿತು. ಎರಡನ್ನೂ ಒಂದೇ ಪಟ್ಟಿಯಲ್ಲಿ ಎಣಿಸಿದ್ದರಿಂದ ಎಷ್ಟೋ ವರ್ಷ ನಮಗೆ ಗೊತ್ತೇ ಆಗಲಿಲ್ಲ. ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಪ್ರಶ್ನೆ: ಈ ಎರಡು ಜಾತಿ ಕೂಡಿ ಬೆರಕೆ ಮೀನು ಹುಟ್ಟಿದ್ದರೆ, ಡಿಎನ್‌ಎ ನೋಡಿದರೆ ಗೊತ್ತಾಗುತ್ತಾ?

ಉತ್ತರ: ಯಾವ ಡಿಎನ್‌ಎ ಅನ್ನುವುದರ ಮೇಲಿದೆ. ರೆಕ್ಕೆಯ ಚೂರು ಸಾಕು, ಮೀನನ್ನು ಕೊಲ್ಲಬೇಕಿಲ್ಲ. ಜಾತಿ ಗುರುತಿಸಲು ಸಾಮಾನ್ಯವಾಗಿ ಮೈಟೋಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಭಾಗದ, ಡಿಎನ್‌ಎ ನೋಡುತ್ತೇವೆ. ಗೂನು ಬೆನ್ನಿನ ಮೀನು ರೆಮಾದೇವಿಯೇ ಅಂತ 2018ರಲ್ಲಿ ಖಚಿತವಾಗಲು ಅದೂ ನೆರವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರಿತು. ಆದರೆ ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ತಾಯಿ ರೆಮಾದೇವಿ, ತಂದೆ ಖುದ್ರೀ ಆದರೆ ಆ ಮರಿ ಪರೀಕ್ಷೆಯಲ್ಲಿ ಅಪ್ಪಟ ರೆಮಾದೇವಿಯಂತೆಯೇ ಕಾಣುತ್ತದೆ. ತಂದೆಯ ಗುರುತು ಸಿಗಬೇಕಾದರೆ ಜೀವಕೋಶದ ಕೇಂದ್ರದ ಡಿಎನ್‌ಎ ನೋಡಲೇಬೇಕು. ಮುಂದೆ ಮರಿ ಮಾಡಲು ತಾಯಿ ಮೀನು ಆರಿಸುವಾಗ ಇದನ್ನು ಬಿಟ್ಟರೆ ಬೆರಕೆಯನ್ನೇ ಬೆಳೆಸಿದಂತಾಗುತ್ತದೆ.

ಪ್ರಶ್ನೆ: ನಾವು ಊರವರು ದುಡ್ಡು ಹಾಕಿ ಮಹಶೀರ್ ಮರಿ ತಂದು ಬಿಡಬೇಕು ಅಂತಿದ್ದೇವೆ.

ಉತ್ತರ: ದಯವಿಟ್ಟು ಬಿಡಬೇಡಿ. ಮನಸ್ಸು ಒಳ್ಳೆಯದೇ, ಆದರೆ ಕೊಂಡು ತರುವ ಮರಿ ಯಾವ ನದಿಯದ್ದೋ ಏನೋ. ರೆಮಾದೇವಿ ಕಾವೇರಿ ಕೊಳ್ಳದ ಮೋಯಾರ್ ನದಿಯಲ್ಲಿ ಇನ್ನೂ ಬದುಕಿದೆ. ಮರಿ ಮಾಡುವುದಾದರೆ ಅಂಥ ಅಪ್ಪಟ ಮೀನಿನಿಂದಲೇ ಆಗಬೇಕು, ಪರೀಕ್ಷೆ ಮಾಡಿ ಆಗಬೇಕು. ನೀವು ಮಾಡಬಹುದಾದ್ದು ಬೇರೊಂದಿದೆ. ತಾತ ಮೀನು ಹಿಡಿದು ನಿಂತ ಹಳೆ ಫೋಟೋ ಮನೆಯಲ್ಲಿದೆಯಾ? ಕಪ್ಪು-ಬಿಳುಪು ಆದರೂ ಸರಿ, ಗೂನು ಕಾಣುತ್ತದೆ. ಸುಮಾರು ಯಾವ ವರ್ಷ, ಯಾವ ಮಡುವು ಅಂತ ಅಜ್ಜಿಯನ್ನು ಕೇಳಿ ಬರೆದು ಇಲ್ಲಿ ಹಾಕಿ.